ದಿನಕ್ಕೆ ಎರಡು ಸಂಜೆ

ಫೆಬ್ರವರಿ ೩, ಸೋಮವಾರ

ಮೊದಲ ಪುಟದಲ್ಲೇ ತಾರೀಕು ತಪ್ಪು ಬರೆದು ಹೊಡೆದುಹಾಕಿದೆ. ಇದು ಮರೆವಲ್ಲ, ಕಸುಬು ಕಲಿಸಿದ ಚಾಳಿ. ಪತ್ರಿಕೆ ಅಚ್ಚು ಹಾಕುವ ರಾತ್ರಿಪಾಳಿಯವನಿಗೆ ಪಾಳಿ ಶುರುವಾದ ಗಳಿಗೆಯಿಂದ ನಾಳೆಯೇ ಇವತ್ತು. ಮಷೀನಿನಿಂದ ಹೊರಬೀಳುವ ಕಾಗದದ ಮೇಲೆ ಯಾವ ತಾರೀಕಿದೆಯೋ ಅದೇ ನಮ್ಮ ತಾರೀಕು. ಮೂವತ್ತು ವರ್ಷ ಊರಿಗಿಂತ ಒಂದು ದಿನ ಮುಂದೆ ಬದುಕಿದವನು ಇನ್ನು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ನಮ್ಮ ಮಷೀನನ್ನು ಬಿಚ್ಚಿ ಗುಜರಿಗೆ ಹಾಕಿದರು. ಪತ್ರಿಕೆ ಇನ್ನು ಮುಂದೆ ಬೇರೆ ಯಾರದೋ ದೊಡ್ಡ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಸರ್ವಿಸ್ ಇನ್ನೂ ಐದು ವರ್ಷ ಉಳಿದಿದ್ದ ನನ್ನನ್ನು, ಬೈಂಡಿಂಗ್ ವಿಭಾಗಕ್ಕೆ ಹೋಗುತ್ತೀರೋ ಇಡುಗಂಟು ತೆಗೆದುಕೊಂಡು ಮನೆಗೆ ಹೋಗುತ್ತೀರೋ ಎಂದು ಕೇಳಿದರು. ಮನೆಗೆ ಎಂದೆ. ಫೋರ್ಮನ್ ಆಗಿದ್ದವನು ಅಂಟು ಹಚ್ಚುತ್ತ ಕೂರುವುದೇ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನಿಜವಾದ ಕಾರಣ ಇವಳು.

ಇವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಇವಳ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಮದುವೆಯಾದಂದಿನಿಂದ ನಾವು ಒಂದೇ ಮಂಚದಲ್ಲಿ ಸರದಿಯ ಮೇಲೆ ಮಲಗಿದವರು. ರಾತ್ರಿ ಅವಳು, ಹಗಲು ನಾನು. ನಾನು ಒಳಗೆ ಬರುವಾಗ ಅವಳು ಹೊರಗೆ ಹೊರಡುವ ಗಡಿಬಿಡಿಯಲ್ಲಿ; ಅವಳು ಬರುವಾಗ ನಾನು ಆಗತಾನೇ ಎದ್ದು ಹಲ್ಲುಜ್ಜುತ್ತಿರುತ್ತಿದ್ದೆ. ಇದರ ನಡುವೆ ಮಗಳು ಹೇಗೆ ಹುಟ್ಟಿದಳೋ ಎಂದು ಪ್ರೆಸ್ಸಿನವರು ಗೇಲಿ ಮಾಡುತ್ತಿದ್ದರು. ವಾರಕ್ಕೊಂದು ರಜೆ ಅಂತ ಇರುತ್ತದಪ್ಪ ಎನ್ನುತ್ತಿದ್ದೆ. ಆ ಮಗಳೂ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಉಳಿದದ್ದು ನಾವಿಬ್ಬರೇ. ಒಟ್ಟಿಗೆ ಏಳಬೇಕು, ಒಟ್ಟಿಗೆ ಉಣ್ಣಬೇಕು, ಒಟ್ಟಿಗೆ ಮಲಗಬೇಕು. ಇಷ್ಟು ಸಣ್ಣ ಆಸೆಯನ್ನು ಇಷ್ಟು ತಡವಾಗಿ ಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಈ ಡೈರಿ ನಾವೇ ಅಚ್ಚು ಹಾಕಿದ್ದು. ಮಾರಾಟವಾಗದೆ ಮೂಲೆಯಲ್ಲಿ ಬಿದ್ದಿತ್ತು. ಬೀಳ್ಕೊಡುಗೆಗೆ ಇದನ್ನೇ ಕೊಟ್ಟರು. ಮುಖಪುಟದ ಕೆಂಪು ಬಣ್ಣ ಸರಿಯಾಗಿ ಕೂತಿಲ್ಲ, ಗೆರೆಯಿಂದ ಒಂದು ಕೂದಲಿನಷ್ಟು ಆಚೆ ಸರಿದಿದೆ.

ಫೆಬ್ರವರಿ ೬, ಗುರುವಾರ

ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದೆ. ನಸುಕಿನಲ್ಲಿ ಕಾಲುಗಳು ತಾವಾಗಿಯೇ ಬಸ್ ಡಿಪೋ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದವು. ಹೊರಗಿನವರಿಗೆ ಅದು ಚಹಾದ ಅಂಗಡಿ. ರಾತ್ರಿ ದುಡಿಯುವವರಿಗೆ ಪರದೆಯ ಹಿಂದೆ ರಮ್ಮು ಸಿಗುತ್ತದೆ. ಊರಿಗೆ ಬೆಳಗಾಗುವ ಹೊತ್ತೇ ನಮಗೆ ಸಂಜೆಯಲ್ಲವೇ? ಕೊನೆಯ ಕಟ್ಟು ವ್ಯಾನಿಗೆ ಏರಿದ ಮೇಲೆ ಕೈಯ ಮಸಿ ಸೀಮೆಎಣ್ಣೆಯಲ್ಲಿ ತೊಳೆದುಕೊಂಡು ನಮ್ಮ ಪಾಳಿಯ ನಾಲ್ವರೂ ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆವು. ಕತ್ತಲಾದ ಮೇಲೆ ಬಾರಿನಲ್ಲಿ ಕೂರುವವರನ್ನು ಕುಡುಕರು ಎನ್ನುತ್ತಿದ್ದೆವು. ನಾವು ಕುಡುಕರಲ್ಲ, ದಣಿದವರು.

ಮೊದಲ ಸುತ್ತು ಫೋರ್ಮನ್ನನದು ಎಂಬುದು ಪ್ರೆಸ್ಸಿನ ಕಟ್ಟಳೆ. ಎರಡನೆಯದು ಯಾರದು ಎಂಬ ಮಾತು ಏಳುವುದಕ್ಕೆ ನಾನು ಎಂದೂ ಬಿಟ್ಟವನಲ್ಲ. ಇವತ್ತೂ ಮೂವರೂ ಅಲ್ಲೇ ಇದ್ದರು. ಮಸಿ ತುಂಬುವ ಕೆಲಸ ಮಾಡುತ್ತಿದ್ದುದರಿಂದ ಮಸಿ ಎಂದೇ ಹೆಸರಾದವನು ಈಗ ಡಬ್ಬಗಳಿಗೆ ಚೀಟಿ ಅಚ್ಚು ಹಾಕುವ ಕಾರ್ಖಾನೆಯಲ್ಲಿ ರಾತ್ರಿಪಾಳಿ ಹಿಡಿದಿದ್ದಾನೆ. ಉಳಿದಿಬ್ಬರು ವಾಚ್‌ಮನ್ ಆಗಿದ್ದಾರೆ. ನನ್ನನ್ನು ಕಂಡು ಎದ್ದು ನಿಂತರು. ಎದ್ದು ನಿಂತವರಿಗೆ ಕೊಡಿಸದೆ ಇರಲಾದೀತೇ?

ಮನೆಗೆ ಬಂದಾಗ ಇವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ಇದ್ದಳು. ಯಾವ ಪಾಳಿ ಮುಗಿಸಿಕೊಂಡು ಬಂದಿರಿ ಎಂದು ಕೇಳಿದಳು. ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಫೆಬ್ರವರಿ ೯, ಭಾನುವಾರ

ಕೈ ಬಿಗಿ ಹಿಡಿಯುವುದು ಹೇಗೆಂದು ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತು ಯೋಚಿಸಿದೆವು. ಇಡುಗಂಟನ್ನು ಮುಟ್ಟುವಂತಿಲ್ಲ, ಅದು ಮುಪ್ಪಿಗೆ. ಇವಳ ಸಂಬಳದಲ್ಲೇ ಮನೆ ನಡೆಯಬೇಕು. ಸಭೆಯ ಅಧ್ಯಕ್ಷತೆ ನನ್ನದು. ಸಾವಿರಾರು ಮಂದಿಯ ಕೈಗೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಪತ್ರಿಕೆ ತಲುಪಿಸಿದವನಿಗೆ ಎರಡು ಜೀವದ ಮನೆ ಒಂದು ಲೆಕ್ಕವೇ ಎಂಬ ಠೀವಿ ಬೇರೆ.

ಮೊದಲು ಪತ್ರಿಕೆ ನಿಲ್ಲಿಸಿದೆ. ದುಡ್ಡಿಗಾಗಿ ಅಲ್ಲ, ಆ ಹೊಸ ಪ್ರೆಸ್ಸಿನವರು ಬಣ್ಣ ಕೂರಿಸುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಸೋಪು ಬದಲಾಯಿತು. ಹಾಲು ಅರ್ಧವಾಯಿತು. ಹಿಂದಿನ ಕೋಣೆಯ ದೀಪ ತೆಗೆದೆ. ಆಮೇಲೆ ಇವಳ ಟ್ಯಾಕ್ಸಿಗೆ ಬಂದೆ. ಇವಳೂ ಲ್ಯಾಬಿನ ಇನ್ನಿಬ್ಬರೂ ಸೇರಿ ಒಂದು ಟ್ಯಾಕ್ಸಿ ಗೊತ್ತು ಮಾಡಿಕೊಂಡಿದ್ದಾರೆ. ಇವಳಿಗೆ ಮಂಡಿ ನೋವು. ಬಸ್ಸು ಆಸ್ಪತ್ರೆಯ ಗೇಟಿನ ಎದುರೇ ನಿಲ್ಲುವಾಗ ಟ್ಯಾಕ್ಸಿ ಏಕೆ ಎಂದೆ.

"ಬೆಳಗ್ಗೆ ಬಸ್ಸು ಹೇಗಿರುತ್ತೆ ನೀವು ನೋಡಿಲ್ಲ ಬಿಡಿ. ಆ ಹೊತ್ತಲ್ಲಿ ನೀವು ಮಲಗಿರ್ತೀರಲ್ಲ," ಎಂದಳು.

ಅಷ್ಟಕ್ಕೇ ಬಿಟ್ಟಳು. ವಾದಕ್ಕೆ ನಿಲ್ಲಲಿಲ್ಲ. ನಾಳೆಯಿಂದ ಬಸ್ಸು.

ಶೆಡ್ಡಿನ ಮಾತು ಎತ್ತುತ್ತಾಳೆಂದು ಉತ್ತರ ಸಿದ್ಧಮಾಡಿಕೊಂಡು ಕೂತಿದ್ದೆ. ಹಳೇ ಗೆಳೆಯರು, ಇವತ್ತಲ್ಲ ನಾಳೆ ತಾನಾಗಿ ಕಡಿಮೆಯಾಗುತ್ತದೆ, ಹೀಗೆ. ಅವಳು ಎತ್ತಲೇ ಇಲ್ಲ. ಕೇಳದೇ ಹೋದದ್ದಕ್ಕೆ ಹೇಗೆ ಉತ್ತರ ಕೊಡುವುದು?

ಫೆಬ್ರವರಿ ೨೭, ಗುರುವಾರ

ರಾತ್ರಿ ನಿದ್ದೆ ಮಾಡುವುದು ಇಷ್ಟು ಕಷ್ಟದ ಕೆಲಸವೆಂದು ಯಾರೂ ಹೇಳಿರಲಿಲ್ಲ. ಇವಳು ದೀಪ ಆರಿಸಿ ಆ ಕಡೆ ಹೊರಳಿದರೆ ಆಯಿತು, ನನ್ನ ಕಿವಿ ಮಷೀನಿನ ಸದ್ದು ಹುಡುಕುತ್ತದೆ. ಕಾಗದದ ರೀಲು ಹರಿಯಿತೇ, ಮಸಿ ಇಳಿಯುತ್ತಿದೆಯೇ, ಹಾಳೆಯ ಮಡಿಕೆ ಸರಿ ಬೀಳುತ್ತಿದೆಯೇ. ಹಾಗಾಗಿ ಊಟಕ್ಕೆ ಮುಂಚೆ ಒಂದು ಸಣ್ಣ ಗ್ಲಾಸು ಹಾಕಿಕೊಳ್ಳತೊಡಗಿದ್ದೇನೆ. ಔಷಧಿಯ ಹಾಗೆ.

ನಸುಕಿನಲ್ಲಿ ಶೆಡ್ಡು ಇದ್ದೇ ಇದೆ. ಅಂದರೆ ಈಗ ನನಗೆ ದಿನಕ್ಕೆ ಎರಡು ಸಂಜೆ. ಮಸಿಗೆ ಇದನ್ನು ಹೇಳಿದೆ. ನಿಮ್ಮಂಥ ಭಾಗ್ಯವಂತರು ಯಾರಿದ್ದಾರೆ ಅಣ್ಣ ಎಂದ. ಎಲ್ಲರೂ ನಕ್ಕೆವು.

ಇವಳು ತನ್ನ ಚೀಲದಿಂದ ರಕ್ತ ತೆಗೆಯುವ ಸೂಜಿ ತಂದು ಮೇಜಿನ ಮೇಲೆ ಇಟ್ಟಿದ್ದಾಳೆ. ತೋಳು ಕೊಡಿ ಎನ್ನುತ್ತಾಳೆ. ನಿಮ್ಮ ವಯಸ್ಸಿನವರ ರಕ್ತ ದಿನಾ ನೋಡುತ್ತೇನೆ, ನಿಮ್ಮದನ್ನೂ ನೋಡಿಬಿಡೋಣ ಎನ್ನುತ್ತಾಳೆ. ನಾಳೆ ಎಂದಿದ್ದೇನೆ.

ಮಾರ್ಚ್ ೧೪, ಶುಕ್ರವಾರ

ಇವಳು ದಿಂಬು, ಹೊದಿಕೆ ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಬಟ್ಟೆ ಮಡಿಸುವಷ್ಟೇ ಸಲೀಸಾಗಿ ಎತ್ತಿಕೊಂಡಳು.

"ಆ ವಾಸನೆಯಲ್ಲಿ ನಂಗೆ ನಿದ್ದೆ ಬರಲ್ಲ ರೀ. ಇಷ್ಟು ವರ್ಷ ನೀವು ರಾತ್ರಿ ಇಲ್ಲ ಅಂತ ಬೇಜಾರಿತ್ತು. ಈಗ ಇದ್ದೀರಿ ಅಂತ ಬೇಜಾರು," ಎಂದಳು.

ನನಗೆ ಸಿಟ್ಟು ಬಂತು. ಇವಳಿಗೋಸ್ಕರ ತಾನೇ ಕೆಲಸ ಬಿಟ್ಟದ್ದು? ಹೇಳಿಯೂಬಿಟ್ಟೆ. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಈ ಮನೆಯಲ್ಲಿ ಬಾಗಿಲು ಜೋರಾಗಿ ಹಾಕುವುದನ್ನು ನಾನು ಕೇಳಿಯೇ ಇಲ್ಲ.

ಮಾರ್ಚ್ ೧೫, ಶನಿವಾರ

ಇಡೀ ಮಂಚ ನನ್ನದೇ. ಬೆಳಗಿನ ತನಕ ಅತ್ತಿಂದಿತ್ತ ಉರುಳಿದೆ.

ಏಪ್ರಿಲ್ ೨, ಬುಧವಾರ

ಬರೆಯಲು ಕೈ ಬರುತ್ತಿಲ್ಲ.

ಏಪ್ರಿಲ್ ೪, ಶುಕ್ರವಾರ

ಬರೆದುಬಿಡುತ್ತೇನೆ. ಬೇರೆ ಯಾರ ಹತ್ತಿರ ಹೇಳಲಿ?

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಎದುರು ಬಸ್ಸಿನಿಂದ ಇಳಿಯುವಾಗ ಇವಳು ಬಿದ್ದಳು. ಹಿಂದಿನಿಂದ ಜನ ನೂಕಿದ್ದಾರೆ, ಮಂಡಿ ಕೈಕೊಟ್ಟಿದೆ, ಬಲಗೈ ಊರಿ ಬಿದ್ದಿದ್ದಾಳೆ. ಮಣಿಕಟ್ಟಿನ ಮೂಳೆ ಮುರಿದಿದೆ. ಅಲ್ಲೇ ಒಳಗೆ ಕರೆದುಕೊಂಡು ಹೋಗಿದ್ದಾರೆ. ನನಗೆ ಫೋನು ಮಾಡಿದ್ದಾರೆ, ಎತ್ತಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹೆಂಗಸು, ಇವಳ ಗೆಳತಿ, ಟ್ಯಾಕ್ಸಿ ಮಾಡಿಕೊಂಡು ಮನೆಗೇ ಬಂದಿದ್ದಾಳೆ.

ನಮ್ಮ ಮನೆಗೆ ಕರೆಗಂಟೆ ಇಲ್ಲ. ಗುಂಡಿ ಇದೆ, ಒತ್ತಿದರೆ ಸದ್ದಾಗುವುದಿಲ್ಲ. ನಾನು ಹಗಲು ಮಲಗುತ್ತೇನೆಂದು ಮದುವೆಯಾದ ಹೊಸದರಲ್ಲಿ ಇವಳೇ ಸ್ಟೂಲು ಹತ್ತಿ ಅದರ ತಂತಿ ಕತ್ತರಿಸಿದ್ದಳು. ಫೋನನ್ನು ಟವೆಲಿನಲ್ಲಿ ಸುತ್ತಿ ಡ್ರಾಯರಿನಲ್ಲಿ ಇಡುವುದೂ ಇವಳು ಮಾಡಿಸಿದ ಅಭ್ಯಾಸವೇ. ಮಗಳು ಪಿಸುಮಾತಿನಲ್ಲೇ ಬೆಳೆದಳು. ಆ ಹೆಂಗಸು ಬಾಗಿಲು ಬಡಿದಳಂತೆ. ಪಕ್ಕದ ಮನೆಯಾಕೆ ಹೊರಗೆ ಬಂದು, ಬಡಿಯಬೇಡಿ, ಅವರು ರಾತ್ರಿ ಕೆಲಸದವರು, ಹಗಲು ಎಬ್ಬಿಸಬಾರದು ಎಂದಳಂತೆ. ಅಕ್ಕಪಕ್ಕದವರಿಗೂ ಇವಳು ಅಷ್ಟು ಚೆನ್ನಾಗಿ ಕಲಿಸಿಟ್ಟಿದ್ದಾಳೆ. ಬಂದವಳು ಹಾಗೇ ವಾಪಸು ಹೋದಳು.

ನಾನು ಒಳಗೇ ಇದ್ದೆ. ಯಾವ ರಾತ್ರಿ ಕೆಲಸವೂ ಇಲ್ಲದವನು, ಶೆಡ್ಡಿನಿಂದ ಬಂದು ಬಿದ್ದುಕೊಂಡಿದ್ದೆ.

ಇಳಿಹೊತ್ತಿಗೆ ಎದ್ದೆ. ಇವಳು ಮುಚ್ಚಿಟ್ಟು ಹೋಗಿದ್ದ ಊಟ ತಿಂದೆ, ಉಪ್ಪು ಸ್ವಲ್ಪ ಕಡಿಮೆ ಅನಿಸಿತು. ಇನ್ನೂ ಬಂದಿಲ್ಲವಲ್ಲ ಎಂದು ಗೊಣಗಿದೆ. ಎರಡನೆಯ ಸಂಜೆಯ ಗ್ಲಾಸು ಕೈಯಲ್ಲಿ ಹಿಡಿದಿದ್ದಾಗ ಬಾಗಿಲು ತೆರೆಯಿತು. ಮೊಣಕೈವರೆಗೆ ಪ್ಲಾಸ್ಟರು, ಕೊರಳಿಗೆ ಪಟ್ಟಿ, ಸೀರೆಯ ಅಂಚಿಗೆಲ್ಲ ರಸ್ತೆಯ ಕೊಳೆ. ಗ್ಲಾಸನ್ನು ನೋಡಿದಳು, ನನ್ನನ್ನು ನೋಡಿದಳು.

"ಊಟ ಆಯ್ತಾ?" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಸಾಯಲಿಲ್ಲ, ಆಯಿತು ಎಂದೆ.

ಏಪ್ರಿಲ್ ೭, ಸೋಮವಾರ

ಸ್ಟೂಲು ಹತ್ತಿ ಕರೆಗಂಟೆಯ ತಂತಿ ಜೋಡಿಸಿದೆ. ಒತ್ತಿ ನೋಡಿದರೆ ಹಕ್ಕಿಯ ಹಾಗೆ ಕೂಗಿತು. ಇವಳು ಬೆಚ್ಚಿ ಕೋಣೆಯಿಂದ ಓಡಿ ಬಂದಳು. ಅಭ್ಯಾಸಬಲದಿಂದ ಎಡಗೈಯ ಬೆರಳು ತುಟಿಯ ಮೇಲಿತ್ತು.

ಬಲಗೈ ಇಲ್ಲದವರಿಗೆ ಎಷ್ಟೊಂದು ಕೆಲಸ ನಿಂತುಹೋಗುತ್ತದೆ! ಗುಂಡಿ ಹಾಕುವುದು, ಸೌಟು ತಿರುಗಿಸುವುದು, ಡಬ್ಬದ ಮುಚ್ಚಳ. ಎಲ್ಲಕ್ಕಿಂತ ಕಷ್ಟ ತಲೆಕೂದಲು. ಜಡೆ ನಾನು ಹಾಕುತ್ತೇನೆ ಎಂದೆ. ಅಷ್ಟುದ್ದದ ಕಾಗದವನ್ನು ಅಷ್ಟೊಂದು ಉರುಳೆಗಳ ಸಂದಿಯಲ್ಲಿ ತೂರಿಸಿದವನಿಗೆ ಮೂರು ಎಳೆ ಯಾವ ಮಹಾ ಎಂದುಕೊಂಡಿದ್ದೆ. ಕಾಗದ ನೋವಾಯಿತು ಎನ್ನುವುದಿಲ್ಲ, ಅದೇ ವ್ಯತ್ಯಾಸ. ಹಾಕಿದ ಜಡೆ ಎಡಕ್ಕೆ ವಾಲಿತ್ತು. ಕನ್ನಡಿ ನೋಡಿ, ಬಣ್ಣ ಸರಿಯಾಗಿ ಕೂತಿಲ್ಲ ಫೋರ್ಮನ್ನರೇ ಎಂದಳು.

ಅಂದಳಲ್ಲ ಎಂದು ಜೀವಕ್ಕೆ ಸ್ವಲ್ಪ ಹಾಯೆನಿಸಿತು.

ಬೆಳಿಗ್ಗೆ ಇವಳು ಏಳುವ ಹೊತ್ತಿಗೆ ಬಿಸಿನೀರು ಕಾಯಿಸಿರಬೇಕು. ಶೆಡ್ಡಿಗೆ ನಾಳೆ ಹೋದರಾಯಿತು.

ಏಪ್ರಿಲ್ ೧೬, ಬುಧವಾರ

ಇವಳು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಒಲೆಯ ಮುಂದೆ ನಿಂತು ಮಾಡುವುದು. ಈರುಳ್ಳಿ ಹೆಚ್ಚುವಾಗ ಗಟ್ಟಿಯಾಗಿ ಅತ್ತೆ. ಈರುಳ್ಳಿಗೇ ಅತ್ತದ್ದು ಎಂದು ಇಬ್ಬರೂ ಒಪ್ಪಿಕೊಂಡೆವು.

ರಾತ್ರಿ ಇವಳಿಗೆ ನೀರು ಬೇಕಾದರೆ ಕೇಳಿಸಬೇಕಲ್ಲ ಎಂದು ಮಗಳ ಕೋಣೆಯ ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದೇನೆ. ಬೇಡ ಎನ್ನಲಿಲ್ಲ. ನೆಲ ತಣ್ಣಗಿದೆ. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಮುಗಿಸುವಷ್ಟರಲ್ಲಿ ಮೈ ಎಷ್ಟು ದಣಿದಿರುತ್ತದೆಂದರೆ ತಲೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಮೇಜಿನ ಮೇಲಿನ ಸೂಜಿಯನ್ನು ಆಸ್ಪತ್ರೆಯಿಂದ ಬಂದ ಗೆಳತಿಯ ಕೈಗೆ ಕೊಟ್ಟು ನನ್ನ ರಕ್ತ ತೆಗೆಸಿದಳು. ತೋಳು ಕೊಟ್ಟೆ.

ಏಪ್ರಿಲ್ ೨೩, ಬುಧವಾರ

ಶೆಡ್ಡಿಗೆ ಹೋದೆ. ಕುಡಿದೆ. ಮನೆಗೆ ಬಂದಾಗ ಬಿಸಿಲೇರಿತ್ತು.

ಏಪ್ರಿಲ್ ೨೪, ಗುರುವಾರ

ನಿನ್ನೆ ಇವಳು ಕೂದಲು ಬಾಚಿಕೊಳ್ಳದೆ, ಬ್ರೆಡ್ಡು ತಿಂದು ಕೂತಿದ್ದಳು. ಇವತ್ತು ನಾನು ಬಾಚಣಿಗೆ ಹಿಡಿದು ಹಿಂದೆ ನಿಂತಾಗ ಸುಮ್ಮನೆ ತಲೆ ಕೊಟ್ಟಳು. ನಿನ್ನೆಯದರ ಬಗ್ಗೆ ಒಂದು ಮಾತಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಮಾತಾಡಬೇಕು ಎಂಬ ಆಸೆಯೇ ಅವಳಿಗೆ ಇದ್ದಂತೆ ಕಾಣಲಿಲ್ಲ. ಇದು ನನ್ನನ್ನು ಹೆದರಿಸಿತು.

ಮೇ ೪, ಭಾನುವಾರ

ಕರೆಗಂಟೆ ಕೂಗಿತು. ಬಾಗಿಲು ತೆರೆದರೆ ಮಸಿ, ಕೈಯಲ್ಲಿ ಹಣ್ಣಿನ ಚೀಲ. ಇಷ್ಟು ವರ್ಷದಲ್ಲಿ ಅವನನ್ನು ಹಗಲಿನಲ್ಲಿ ನೋಡಿದ್ದು ಕಡಿಮೆ. ತಲೆ ಪೂರ್ತಿ ಬೆಳ್ಳಗಾಗಿದೆ, ಶೆಡ್ಡಿನ ಬೆಳಕಿನಲ್ಲಿ ಗೊತ್ತಾಗಿರಲಿಲ್ಲ. ಇವಳನ್ನು ಅಕ್ಕ ಎಂದು ಮಾತಾಡಿಸಿ, ಪ್ಲಾಸ್ಟರು ನೋಡಿ ಲೊಚಗುಟ್ಟಿದ. ನಾನು ಮಾಡಿದ ಚಹಾ ಕುಡಿದು ನನ್ನ ಮುಖ ನೋಡಿದ.

ಶೆಡ್ಡಿನಲ್ಲಿ ನಾನಿಲ್ಲದೆ ಹೇಗಿದೆ ಎಂದು ಕೇಳಿದೆ. ಒಳಗೊಳಗೇ, ಕಳೆಗುಂದಿದೆ ಅಣ್ಣ ಎನ್ನಲಿ ಎಂದು ಆಸೆಯಿತ್ತು. ಒಬ್ಬ ಬರುವುದು ಬಿಟ್ಟಿದ್ದಾನಂತೆ, ಇನ್ನೊಬ್ಬ ಚಹಾ ಕುಡಿದು ಹೋಗುತ್ತಾನಂತೆ. ಅವರವರ ದುಡ್ಡು ಅವರವರು ಕೊಡುವುದಾದ ಮೇಲೆ ಹೀಗಾಯಿತೇ ಎಂದೆ. ಮಸಿ ಲೋಟ ತಿರುಗಿಸುತ್ತ ಕೂತ.

"ಹಂಗಲ್ಲ ಅಣ್ಣ. ನೀವು ಪ್ರೀತಿಯಿಂದ ಕೊಡಿಸ್ತಿದ್ರಿ. ಬೇಡ ಅಂದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ ಕುಡೀತಿದ್ವಿ. ಎಷ್ಟೋ ದಿನ ನಂಗೆ ಮನೆಗೆ ಹೋಗಿ ಮಲಗಿದ್ರೆ ಸಾಕಾಗಿರ್ತಿತ್ತು."

ನಾನು ಹೋಗದಿದ್ದರೆ ಅವರಿಗೆ ಬೇಜಾರಾಗುತ್ತದೆಂದು ನಾನು ಹೋಗುತ್ತಿದ್ದೆ. ಮೂವತ್ತು ವರ್ಷ. ಯಾರಿಗೂ ಬೇಡದ ರಮ್ಮಿನ ಸುತ್ತುಗಳಿಗೆ ನಾನು ಕೈ ಬಿಚ್ಚಿ ದುಡ್ಡು ಸುರಿಯುತ್ತಿದ್ದೆ, ಆ ಹೊತ್ತಿನಲ್ಲಿ ಇಲ್ಲಿ ಒಬ್ಬಳು ಬಾಗಿಲಲ್ಲಿ ನಿಂತು, ಇವತ್ತಾದರೂ ತಾನು ಹೊರಡುವ ಮುಂಚೆ ಬಂದಾರೇ ಎಂದು ಬೀದಿ ನೋಡುತ್ತಿದ್ದಳು. ಮಸಿ ಹೋದ ಮೇಲೆ ಇದನ್ನು ಇವಳಿಗೆ ಹೇಳಿದೆ. ಹೌದಾ ಎಂದಳು. ಬೀದಿ ನೋಡುವುದನ್ನು ಬಿಟ್ಟು ಬಹಳ ವರ್ಷವಾಯಿತು ಎಂದಳು.

ಮೇ ೧೬, ಶುಕ್ರವಾರ

ಪ್ಲಾಸ್ಟರು ತೆಗೆದರು. ಒಳಗಿನ ಕೈ ಸಣ್ಣಗೆ, ಬಿಳಿಚಿಕೊಂಡು, ಬೇರೆ ಯಾರದೋ ಕೈಯ ಹಾಗಿತ್ತು. ಬೆಚ್ಚನೆಯ ಎಣ್ಣೆ ಹಚ್ಚಿದೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಾಳೆ. ಟ್ಯಾಕ್ಸಿಯವನಿಗೆ ನಾನೇ ಹೇಳಿ ಬಂದೆ. ದುಡ್ಡು ಎಲ್ಲಿಂದ ಎಂದು ಕೇಳಿದಳು. ಉಳಿದಿದೆ ಎಂದೆ. ನಿಜವಾಗಿಯೂ ಉಳಿದಿತ್ತು, ಹೇಗೆಂದು ಯೋಚಿಸಲಿಲ್ಲ. ಹಾಲೂ ಮೊದಲಿನಷ್ಟೇ ತರಿಸುತ್ತಿದ್ದೇನೆ.

ಮಧ್ಯಾಹ್ನ ಮಗಳ ಫೋನು ಬಂತು. ಅಮ್ಮನ ಕೈ ಹೇಗಿದೆ ಎಂದು ಪಿಸುಗುಟ್ಟಿದಳು. ಗಟ್ಟಿಯಾಗಿ ಮಾತಾಡು ಎಂದೆ. ನೀವು ಹಗಲು ಎದ್ದಿದ್ದೀರಾ ಅಪ್ಪಾ ಎಂದಳು. ಆಮೇಲೂ ಪಿಸುಗುಟ್ಟುತ್ತಲೇ ಇದ್ದಳು, ಪಾಪ.

ಮೇ ೩೦, ಶುಕ್ರವಾರ

ಊಟವಾದ ಮೇಲೆ ಇಬ್ಬರೂ ಬೀದಿಯ ಕೊನೆಯ ತನಕ ನಡೆದು ಬರುತ್ತೇವೆ. ದರ್ಜಿಯ ಅಂಗಡಿ, ಸೈಕಲ್ಲು ರಿಪೇರಿ, ಮುಚ್ಚಿದ ಶಾಲೆ, ವಾಪಸು. ಇವಳು ಲ್ಯಾಬಿನ ಸುದ್ದಿ ಹೇಳುತ್ತಾಳೆ. ದೊಡ್ಡ ಗಡ್ಡದ ಪೈಲ್ವಾನನೊಬ್ಬ ಸೂಜಿ ನೋಡಿ ಮೂರ್ಛೆ ಬಿದ್ದನಂತೆ. ಇಷ್ಟು ಚೆನ್ನಾಗಿ ನಕಲು ಮಾಡುತ್ತಾಳೆಂದು ನನಗೆ ಈಗಲೇ ಗೊತ್ತಾದದ್ದು. ನಾನು ಇನ್ನೂ ಅದೇ ಕೋಣೆಯ ನೆಲದಲ್ಲೇ ಮಲಗುತ್ತೇನೆ. ಕೈ ಗುಣವಾಯಿತಲ್ಲ, ಹೋಗಿ ಎಂದು ಅವಳು ಹೇಳಿಲ್ಲ, ನಾನೂ ನೆನಪಿಸಿಲ್ಲ.

ಅಂದುಕೊಂಡಿದ್ದ ದಿನಗಳು ಬಂದವೇನೋ ಅನಿಸುತ್ತದೆ. ಜೋರಾಗಿ ಬರೆಯಲು ಹೆದರಿಕೆ.

ಜೂನ್ ೫, ಗುರುವಾರ

ಇವಳಿಗೆ ವರ್ಗವಾಗಿದೆ. ಬೆಟ್ಟದ ಮೇಲಿನ ಸಣ್ಣ ಊರಿನ ಆಸ್ಪತ್ರೆಗೆ, ಬಸ್ಸಿನಲ್ಲಿ ಒಂದು ದಿನದ ದಾರಿ. ಈ ತಿಂಗಳ ಕೊನೆಯೊಳಗೆ ಸೇರಬೇಕು.

ಊಟದ ಹೊತ್ತಿನಲ್ಲಿ ಹೇಳಿದಳು. ನಾನು ತಟ್ಟೆ ಸರಿಸಿ, ಇಷ್ಟು ವಯಸ್ಸಾದವರನ್ನು ಹೀಗೆ ಎತ್ತಿಹಾಕುವುದು ಅನ್ಯಾಯ, ನಾಳೆಯೇ ನಿನ್ನ ಮೇಲಿನವರನ್ನು ಕಾಣುತ್ತೇನೆ ಎಂದು ಹಾರಾಡಿದೆ. ಮುಗಿಯುವ ತನಕ ಬಿಟ್ಟಳು. ಆಮೇಲೆ, ವರ್ಗ ಬೇಕೆಂದು ತಾನೇ ಕೇಳಿಕೊಂಡದ್ದು ಎಂದಳು. ಕೈ ಮುರಿದ ದಿನ, ಪ್ಲಾಸ್ಟರು ಒಣಗಲೆಂದು ಬೆಂಚಿನ ಮೇಲೆ ಕೂತಿದ್ದಾಗ, ಗೆಳತಿ ನಮ್ಮ ಬಾಗಿಲು ಬಡಿದು ವಾಪಸು ಬಂದು ಸುದ್ದಿ ಹೇಳಿದಳಂತೆ. ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥರು ನೋಡಲು ಬಂದರಂತೆ. ಯಾರೂ ಒಪ್ಪದ ಆ ಊರಿನ ಜಾಗಕ್ಕೆ ನನ್ನನ್ನು ಕಳಿಸಿ ಎಂದು ಇವಳು ಅಲ್ಲೇ ಕೇಳಿಬಿಟ್ಟಳಂತೆ.

ಅದು ಆವತ್ತಿನ ಮಾತು, ಈಗ ಹೇಳಿ ರದ್ದು ಮಾಡಿಸು ಎಂದೆ. ನಾನು ಮೊದಲಿನ ಹಾಗಿಲ್ಲ, ನೀನೇ ನೋಡುತ್ತಿದ್ದೀಯಲ್ಲ ಎಂದೆ. ಹಾಗಿಲ್ಲ ಎಂಬುದು ನನಗೂ ಆಗಲೇ ಹೊಳೆದದ್ದು.

"ನೋಡ್ತಾ ಇದ್ದೀನಿ ರೀ. ಅದಕ್ಕೇ ಹೋಗೋದು ಸುಲಭ ಆಯ್ತು. ಮುಂಚಿನ ಹಾಗೇ ಇದ್ದಿದ್ರೆ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋಕೆ ಧೈರ್ಯ ಬರ್ತಿರ್ಲಿಲ್ಲ. ಈಗ ಅಡುಗೆ ಬರುತ್ತೆ, ರಾತ್ರಿ ನಿದ್ದೆ ಬರುತ್ತೆ. ನೀವು ಒಬ್ಬರೇ ಇರ್ತೀರಿ."

ನಾನೂ ಬರುತ್ತೇನೆ ಎಂದೆ. ಇಲ್ಲಿ ನನ್ನದೇನಿದೆ?

ನಾನು ಸರಿಸಿದ್ದ ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು. "ಈಗಲೇ ಬೇಡ," ಎಂದಳು.

ಜೂನ್ ೮, ಭಾನುವಾರ

ನಸುಕಿನಲ್ಲಿ ಎದ್ದು ಡಿಪೋ ತನಕ ಹೋದೆ. ಯಾರಿಗಾಗಿ ಇನ್ನು ಬಿಡುವುದು ಎಂಬ ಸಿಟ್ಟು. ಶೆಡ್ಡಿನ ಪರದೆ ಕಾಣುತ್ತಿತ್ತು. ಬಸ್ಸುಗಳನ್ನು ತೊಳೆಯುವ ಕಡೆ ಕಟ್ಟೆಯ ಮೇಲೆ ಕೂತೆ. ಇವಳು ಹೋಗುವುದು ನಾನು ಕುಡಿದದ್ದಕ್ಕಲ್ಲ, ಈಗ ಕುಡಿದರೆ ಉಳಿಯುವುದೂ ಇಲ್ಲ. ಉಳಿದರೂ ನನ್ನನ್ನು ಕಾಯಲಿಕ್ಕೆ ಉಳಿದ ಹಾಗಾಗುತ್ತದೆ. ಅಷ್ಟು ವರ್ಷ ಕಾದದ್ದು ಸಾಲದೇ? ಬೆಳಕಾಯಿತು, ಎದ್ದು ಬಂದೆ. ಹಾಲು ಉಕ್ಕುತ್ತಿತ್ತು, ಒಲೆ ಆರಿಸಿದೆ.

ಜೂನ್ ೨೧, ಶನಿವಾರ

ಬಸ್ಸು ಹತ್ತಿಸಿ ಬಂದೆ. ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಒಂದು ಒಲೆ. ಕಿಟಕಿಯ ಸೀಟು ಸಿಕ್ಕಿತು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದುಕೊಂಡಳು. ಇಳಿಯುವಾಗ ಎಲ್ಲರೂ ಇಳಿದ ಮೇಲೆ ಇಳಿ ಎಂದೆ. ಹೂಂ ಎಂದಳು. ನನ್ನ ರಕ್ತದ ಫಲಿತಾಂಶ ಯಾವಾಗಲೋ ಬಂದಿತ್ತಂತೆ, ಹೆದರುವಂಥದ್ದು ಏನಿಲ್ಲವಂತೆ, ಮೂರು ತಿಂಗಳಾದ ಮೇಲೆ ಮತ್ತೆ ಕೊಡಬೇಕಂತೆ. ಬಸ್ಸು ಹೊರಡುವ ಹೊತ್ತಿನಲ್ಲಿ ಹೇಳುವ ಮಾತೇ ಅದು?

ಹೇಳಬೇಕಾದದ್ದನ್ನು ನಾನೂ ಹೇಳಲಿಲ್ಲ. ತಪ್ಪಾಯಿತು ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಡ್ರೈವರು ಎಂಜಿನ್ ಶುರುಮಾಡಿದ. ಅವಳು ಕಿವಿಯ ಹಿಂದೆ ಕೈ ಇಟ್ಟು ಏನು ಎಂದು ಕೇಳಿದಳು. ಏನಿಲ್ಲ ಎಂದು ಕೈ ಆಡಿಸಿದೆ.

ಜೂನ್ ೨೪, ಮಂಗಳವಾರ

ಬೆಳಿಗ್ಗೆ ಫೋನು ಬಂತು. ಮನೆ ಸಿಕ್ಕಿದೆ. ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಕೆಲಸಕ್ಕೆ ನಡೆದೇ ಹೋಗಬಹುದು. ಕೈ ನೋಯುತ್ತಿಲ್ಲ. ನನ್ನ ಊಟದ ಬಗ್ಗೆ ಕೇಳಿದಳು, ಏನು ಮಾಡಿದ್ದೆನೆಂದು ಹೇಳಿದೆ. ಹುಳಿ ಜಾಸ್ತಿ ಹಾಕಿರುತ್ತೀರಿ ಎಂದಳು. ಹಾಕಿದ್ದೆ.

ಮಾತಿನ ಹಿಂದೆ ಏನೋ ಗದ್ದಲ ಕೇಳಿಸುತ್ತಿತ್ತು. ಏನದು ಎಂದೆ. ಕೆಳಗಿನ ಮನೆಯಲ್ಲಿ ಹಾಡು ಹೇಳಿಕೊಡುವ ಹೆಂಗಸಿದ್ದಾಳಂತೆ, ಬೆಳಗಾದರೆ ಸಾಕು, ಮಕ್ಕಳ ಹಿಂಡು. ಮೊದಲ ದಿನವೇ ಆಕೆ ಮೇಲೆ ಬಂದು, ನಿಮಗೆ ತೊಂದರೆಯಾದರೆ ಬಾಗಿಲು ಹಾಕಿಕೊಳ್ಳುತ್ತೇವೆ ಎಂದಳಂತೆ.

"ನಾನು ಹೇಳ್ದೆ, ಬಾಗಿಲು ತೆಗ್ದೇ ಇಡಿಯಮ್ಮ, ಇಲ್ಲಿ ಯಾರೂ ಮಲಗಿಲ್ಲ ಅಂತ," ಎಂದು ನಕ್ಕಳು. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಾನು ಆ ಕಡೆ ಇದ್ದೇನೆ ಎಂಬುದೇ ಅವಳಿಗೆ ಆ ಗಳಿಗೆಯಲ್ಲಿ ನೆನಪಿದ್ದಂತಿರಲಿಲ್ಲ.

ಕೇಳಿ ಎಂದು ಫೋನನ್ನು ಕಿಟಕಿಯ ಹತ್ತಿರ ಹಿಡಿದಳು. ಮಕ್ಕಳು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಕಿರುಚುತ್ತಿದ್ದರು. ಅವರ ನಡುವೆ, ಫೋನಿಗೆ ತೀರ ಹತ್ತಿರದಲ್ಲಿ, ಇನ್ನೊಂದು ದನಿ ಸೇರಿಕೊಂಡಿತು. ಸಣ್ಣಗೆ ಶುರುವಾಗಿ, ಆಮೇಲೆ ಗಂಟಲು ಬಿಟ್ಟು ಮೇಲಕ್ಕೆ ಹೋಯಿತು. ಒಂದು ಕಡೆಯೂ ತಪ್ಪಲಿಲ್ಲ.

ಯಾವಾಗ ಬರುತ್ತೀಯ ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ಹಾಡು ಮುಗಿಯುವ ತನಕ ಫೋನು ಹಿಡಿದು ನಿಂತಿದ್ದೆ. ಇವಳಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.